ಗೌಡರಿಗೆ ಹದಿನೈದು, ಹಕೀಮರಿಗೆ ಸೊನ್ನೆ

ಕಳೆದ ಬುಧವಾರ ಬೆಳಿಗ್ಗೆ ಕಲಬುರಗಿ ಸ್ಟೇಷನ್ನಿನ ಪಾರ್ಸಲ್ ಕಚೇರಿಗೆ ಮುಂಬಯಿಯಿಂದ ಒಂದು ಡಜನ್ ಟೆನಿಸ್ ಚೆಂಡುಗಳು ಬಂದವು. ವಿಳಾಸ ಕಮಲಾಪುರದ ಶಾಲೆಯದು. ಬಿಡಿಸಿಕೊಂಡು ಮುಂದಕ್ಕೆ ಕಳಿಸುವ ಕೆಲಸ ನನಗೆ ಬಂದಿತ್ತು. ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿದ್ದರಿಂದ ತೆರೆದು ನೋಡಿಯೇ ಸಹಿ ಹಾಕಬೇಕೆಂದು ಪಾರ್ಸಲ್ ಬಾಬು ಹೇಳಿದರು. ಮುಚ್ಚಳ ಎತ್ತಿದೊಡನೆ ಹೊಸ ರಬ್ಬರಿನ, ಹೊಸ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಾಬು ಒಂದು ಚೆಂಡನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿದರು.

"ಕಮಲಾಪುರದಾಗ ಕೆಂಪು ಬಾಳಿಹಣ್ಣು ಬೆಳೀತಾವಂತ ಗೊತ್ತಿತ್ತರಿ. ಈ ಆಟ ಅಲ್ಲಿ ಯಾರು ಆಡ್ತಾರ?"

"ಬಾಳಿ ಬೆಳಿಯೋರೇ ಆಡ್ತಾರ" ಎಂದೆ.

"ಆಡಿ ಗೆಲ್ತಾರೇನ್ರಿ?"

ನನ್ನ ಹಿಂದೆ ಜನ ನಿಂತಿದ್ದರು, ಉತ್ತರ ಉದ್ದವಿತ್ತು. ಹಾಗಾಗಿ ಸಹಿ ಹಾಕಿ ಹೊರಗೆ ಬಂದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಪತ್ರಿಕೆಯ ಕೆಲಸ ಸಿಗುವುದಕ್ಕೆ ಬಹಳ ಮೊದಲಿನ ಮಾತು. ಕಮಲಾಪುರದ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಮೇಲಿನವರು ಹೇಳಿದ್ದನ್ನು ಅಂದವಾಗಿ ಬರೆದು ಒಪ್ಪಿಸುವುದು ನನ್ನ ಕೆಲಸ. ಈಗಿನದೂ ಅದೇ ತಾನೇ ಎನ್ನುವ ಗೆಳೆಯರಿದ್ದಾರೆ. ಮೋಟಾರು ಬಸ್ಸು ಇನ್ನೂ ಬಂದಿರಲಿಲ್ಲ. ಹುಮನಾಬಾದ್ ರಸ್ತೆ ಹಿಡಿದು ಟಾಂಗಾದಲ್ಲಿ ಹೊರಟರೆ ಕಮಲಾಪುರ ಮುಟ್ಟುವಷ್ಟರಲ್ಲಿ ಮೈಯೆಲ್ಲ ಕೆಂಪು ಧೂಳು. ಅಂಥ ಊರಿನಲ್ಲಿ ಶಾಲೆಯ ಹಿಂದೆ ಒಂದು ಟೆನಿಸ್ ಮೈದಾನವಿತ್ತು ಎಂದರೆ ಅದಕ್ಕೆ ಒಬ್ಬರೇ ಕಾರಣ, ಸಿದ್ಧರಾಮಪ್ಪ ಮಾಸ್ತರರು.

ಮಾಸ್ತರರು ಹೈದರಾಬಾದಿನಲ್ಲಿ ತರಬೇತಿಗೆಂದು ಇದ್ದಾಗ ಈ ಆಟ ಕಲಿತಿದ್ದರು. ಊರಿಗೆ ಬಂದವರು ಶಾಲೆಯ ಹಿಂದಿನ ಮುಳ್ಳುಕಂಟಿ ಕಡಿದು, ಮುರುಮು ಹಾಕಿ, ನೀರು ಹೊಡೆದು, ರೂಲು ಎಳೆದು ನೆಲ ಮಾಡಿದರು. ರೂಲು ಎಂದರೆ ಊರ ಗೌಡರ ತೋಟದ ಕಲ್ಲಿನ ಉರುಳೆ. ಕಲಬುರಗಿಯ ಅಧಿಕಾರಿಗಳ ಕ್ಲಬ್ಬಿನವರು ಹರಿದ ಬಲೆಯೊಂದನ್ನು ಕೊಟ್ಟರು. ಅವರು ಆಡಿ ಬಿಟ್ಟ ಚೆಂಡುಗಳು ಆಗಾಗ ಗೋಣಿಚೀಲದಲ್ಲಿ ಬರುತ್ತಿದ್ದವು. ಒಂದರ ಮೇಲೂ ಕೂದಲು ಇರುತ್ತಿರಲಿಲ್ಲ. ರ‍್ಯಾಕೆಟ್ಟಿನ ತಂತಿ ಕಿತ್ತರೆ ಕಲಬುರಗಿಯ ದರ್ಗಾದ ಸುತ್ತಲಿನ ರೋಜಾದ ಓಣಿಯೊಂದರಲ್ಲಿ ಸಾರಂಗಿಗೆ ತಂತಿ ಕಟ್ಟುವವರ ಹತ್ತಿರ ಒಯ್ಯಬೇಕು. ಅವರು ಕಟ್ಟಿ, ಬೆರಳಿನಿಂದ ಮೀಟಿ, ಕಿವಿಗೆ ಹಿಡಿದು ಕೇಳಿ, ನಂತರವೇ ಕೊಡುತ್ತಿದ್ದರು. ಕಲಬುರಗಿಯ ದೊಡ್ಡ ಶಾಲೆಗೆ ಹೋಗುವ ಅವಕಾಶ ಮಾಸ್ತರರಿಗೆ ಎರಡು ಸಲ ಬಂದಿತ್ತು. ಎರಡು ಸಲವೂ ಅವರ ಉತ್ತರ ಒಂದೇ: "ನೆಲ ಇನ್ನಾ ಕುಂತಿಲ್ರಿ. ಕೂಡ್ಲಿ, ನೋಡಮು."

ನೆಲ ಕುಳಿತಿತ್ತು. ಕೂಡದೆ ಇದ್ದದ್ದು ಆಟ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಜನರಿಗೆ ಮರ್ಯಾದೆ ಉಸಿರಾಟದಷ್ಟೇ ಸಹಜ. ಹಿರಿಯರ ಎದುರು ಕಾಲು ಚಾಚುವುದಿಲ್ಲ, ಮೊದಲು ತುತ್ತು ಎತ್ತುವುದಿಲ್ಲ, ಬಾಗಿಲಲ್ಲಿ ಮೊದಲು ನುಗ್ಗುವುದಿಲ್ಲ. ಬಲೆಯ ಆಚೆ ನಿಂತವರು ವಯಸ್ಸಿನಲ್ಲಿಯೋ ಹುದ್ದೆಯಲ್ಲಿಯೋ ಒಂದು ಮೆಟ್ಟಿಲು ಮೇಲಿದ್ದರೆ ಅವರಿಂದ ಗೇಮು ಕಿತ್ತುಕೊಳ್ಳುವುದು ಹೇಗೆ? ಗೆರೆಯಾಚೆ ಒಂದು ಗೇಣು ಬಿದ್ದ ಚೆಂಡನ್ನು ನಾವು "ಒಳಗ ಬಿತ್ತರಿ" ಎನ್ನುತ್ತಿದ್ದೆವು. ಆಚೆಯವರು "ಇಲ್ಲಿಲ್ಲ, ಹೊರಗ ಬಿತ್ತು" ಎನ್ನುತ್ತಿದ್ದರು. ಆ ಒಂದು ಪಾಯಿಂಟು ಇತ್ಯರ್ಥವಾಗುವಷ್ಟರಲ್ಲಿ ಚಹಾ ಬರುತ್ತಿತ್ತು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನು ಮಹಬೂಬ ಮಿಯಾ, ಶಾಲೆಯಲ್ಲಿ ಫಾರಸಿ ಕಲಿಸುತ್ತಿದ್ದ ತರುಣ. ಅವನು ಹೊಡೆದ ಚೆಂಡು ಬಲೆಯನ್ನು ಸವರಿ ಹೋಗಿ ಮೂಲೆ ಹಿಡಿಯುತ್ತಿತ್ತು. ಸೋಲುವುದರಲ್ಲಿಯೂ ಅವನನ್ನು ಮೀರಿಸುವವರಿರಲಿಲ್ಲ. ಗೆಲ್ಲುವ ಹೊತ್ತಿಗೆ ಸರಿಯಾಗಿ ಅವನ ಕಾಲು ಜಾರುತ್ತಿತ್ತು, ತಂತಿ ಸಡಿಲವಾಗುತ್ತಿತ್ತು, ಸೂರ್ಯ ಕಣ್ಣಿಗೆ ಬರುತ್ತಿದ್ದ. ನಾನೂ ಆ ವಿದ್ಯೆಯಲ್ಲಿ ಹಿಂದಿರಲಿಲ್ಲ. ನನ್ನ ಸೋಲುಗಳಲ್ಲಿ ಯಾವುದು ಮರ್ಯಾದೆಯದು, ಯಾವುದು ಕೈಲಾಗದ್ದು ಎಂದು ನನಗೇ ತಿಳಿಯುತ್ತಿರಲಿಲ್ಲ.

ಮಾಸ್ತರರು ಬಲೆಯ ಕಂಬ ಹಿಡಿದು ನೋಡುತ್ತ ನಿಲ್ಲುತ್ತಿದ್ದರು. ಒಂದು ಸಂಜೆ ಅಂದರು: "ಇದು ಆಟ ಅಲ್ಲ, ಬೀಗರ ಊಟ. ಒಬ್ಬ ಸಾಕು ಅಂತಾನ, ಒಬ್ಬ ಇನ್ನೊಂದು ಹೋಳಿಗಿ ಅಂತಾನ."

ಹೀಗಿರುವಾಗ ಜಿಲ್ಲೆಯ ತಾಲೂಕದಾರ ಸಾಹೇಬರು ದೌರೆಯ ಮೇಲೆ, ಅಂದರೆ ತಪಾಸಣೆಯ ಪ್ರವಾಸದಲ್ಲಿ, ಕಮಲಾಪುರಕ್ಕೆ ಬಂದು ಡಾಕ್ ಬಂಗಲೆಯಲ್ಲಿ ಇಳಿದರು. ಆಗಿನ ತಾಲೂಕದಾರರೆಂದರೆ ಇಡೀ ಜಿಲ್ಲೆಗೆ ದೊಡ್ಡ ಅಧಿಕಾರಿ. ಟೆನಿಸ್ ಎಂದರೆ ಅವರಿಗೆ ಪ್ರಾಣ ಎಂದು ಕೇಳಿದ್ದೆವು. ಸಂಜೆ ಬಿಳಿ ಪಾಟಲೂನು ತೊಟ್ಟು ಮೈದಾನಕ್ಕೆ ಬಂದರು. ಮಹಬೂಬನನ್ನು ಮುಂದೆ ಬಿಟ್ಟೆವು. ಆರು–ಸೊನ್ನೆ. ಮಹಬೂಬ ಅಷ್ಟು ಚೆನ್ನಾಗಿ ಹಿಂದೆಂದೂ ಸೋತಿರಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಸಾಹೇಬರು ಮುಖ ಒರೆಸಿಕೊಂಡು ಕುಳಿತರು. ಖುಷಿಯಲ್ಲಿ ಇರಲಿಲ್ಲ. ಅವರು ಹೇಳಿದ್ದು ಉರ್ದುವಿನಲ್ಲಿ. ಕನ್ನಡದಲ್ಲಿ ನಾನು ಬರೆಯುವುದು ಅದರ ಸಾರ.

"ಈ ಜಿಲ್ಲೆಯಲ್ಲಿ ನನ್ನನ್ನು ಸೋಲಿಸುವವರು ಯಾರೂ ಇಲ್ಲ. ಹೈದರಾಬಾದಿಗೆ ಹೋದರೆ ನನ್ನಿಂದ ಸೋಲುವವರು ಯಾರೂ ಇಲ್ಲ. ಪ್ರತಿ ವರ್ಷ ಅಲ್ಲಿನ ಪಂದ್ಯದ ಮೊದಲ ಸುತ್ತಿನಲ್ಲಿಯೇ ಸೋತು ಮರಳಿ ಬರುತ್ತೇನೆ. ಯಾಕೆಂದು ಇವತ್ತು ತಿಳಿಯಿತು."

ಅವರು ಸುತ್ತ ನೋಡಿ ಮುಂದುವರಿಸಿದರು. "ದೌರೆಯ ಕುದುರೆಗಳಿಗೆ ಇಲ್ಲಿ ತಬೇಲೆ ಇಲ್ಲ. ಇಷ್ಟು ಒಳ್ಳೆಯ ಸಮತಟ್ಟು ನೆಲ ಆಟವೇ ಇಲ್ಲದೆ ಬಿದ್ದಿದೆ. ತಬೇಲೆ ಇಲ್ಲಿಯೇ ಆಗಲಿ."

ಮಾಸ್ತರರು ಕೈ ಮುಗಿದು ಎದ್ದು ನಿಂತರು. "ಒಂದ್ ಅವಕಾಶ ಕೊಡ್ರಿ, ಸರಕಾರ್" ಎಂದರು.

ಸಾಹೇಬರು ಮಾಸ್ತರರ ಕಡೆ ತಿರುಗಿದರು. "ರೋಜಾದ ಉರ್ಸ್ ಮುಗಿದ ಮೇಲೆ ಮತ್ತೆ ಈ ದಾರಿಯಲ್ಲಿ ಬರುತ್ತೇನೆ. ನಿಮ್ಮಲ್ಲಿ ಒಬ್ಬರು ನನ್ನಿಂದ ಒಂದು ಸೆಟ್ಟು ಗೆಲ್ಲಲಿ. ನಾನು ಬಿಟ್ಟುಕೊಡುವುದಿಲ್ಲ. ಗೆದ್ದರೆ ನೆಲ ನಿಮ್ಮದು. ಇಲ್ಲವಾದರೆ ಕುದುರೆಗಳದ್ದು."

ಅಂದಿನಿಂದ ಮಾಸ್ತರರ ಊಟ ಅರ್ಧವಾಯಿತೆಂದು ಅವರ ಮನೆಯವರೇ ಹೇಳಿದ್ದನ್ನು ಕೇಳಿದ್ದೇನೆ. ಮೊದಲು ಬೈದು ನೋಡಿದರು. ಬೈದಷ್ಟೂ ನಾವು ಹೆಚ್ಚು ವಿನಯದಿಂದ ಸೋತೆವು. ಆಮೇಲೆ ಬಹುಮಾನ ಇಟ್ಟರು. ಗೌಡರ ತೋಟದ ಕೆಂಪು ಬಾಳೆಯ ಗೊನೆಯೊಂದನ್ನು ಬಲೆಯ ಕಂಬಕ್ಕೆ ತೂಗುಹಾಕಿ, "ಗೆದ್ದವಂದು ಇದು" ಎಂದರು. ಅದರಿಂದ ಇನ್ನೂ ಕೆಟ್ಟಿತು. ನಾಲ್ಕು ಜನ ನೋಡುತ್ತಿರುವಾಗ ಗೊನೆ ಇಳಿಸಿಕೊಂಡು ಮನೆಗೆ ಒಯ್ಯುವುದು ಯಾರಿಗೆ ಸಾಧ್ಯ? ಗೆದ್ದವನು ಅದನ್ನು ಸೋತವನ ಕೈಗೆ ಕೊಟ್ಟು ತಪ್ಪಾಯಿತು ಎನ್ನಬೇಕಾಯಿತು. ಸೋತವನು ಬೇಡ ಎಂದ. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುವಾಗ ಒಂದು ಆಡು ಬಂದು ಕೆಳಗಿನ ಸಾಲು ತಿಂದುಹೋಯಿತು. ಆ ವಾರದ ಸ್ಪರ್ಧೆಯಲ್ಲಿ ನಿಸ್ಸಂದೇಹವಾಗಿ ಗೆದ್ದದ್ದು ಅದೊಂದೇ.

ದಾರಿ ಸಿಕ್ಕಿದ್ದು ಕುಸ್ತಿಯ ಮಟ್ಟಿಯಲ್ಲಿ. ಗೌಡರ ತೋಟದ ಪಕ್ಕ ಮಟ್ಟಿ ಇತ್ತು. ಗೌಡರೆಂದರೆ ಊರಿನ ಮಾಲಿಪಾಟೀಲರು, ದೊಡ್ಡ ಮೀಸೆ, ಸಣ್ಣ ಮಾತು. ಮನೆಯಲ್ಲಿ ತಂದೆಯ ಎದುರು ತಲೆ ಎತ್ತದ ಹುಡುಗರು ಅಲ್ಲಿ ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತಿದ್ದರು. ಯಾಕೆಂದರೆ ಅವರು ತಮಗಾಗಿ ಹಿಡಿಯುತ್ತಿರಲಿಲ್ಲ; ಯಾರೋ ಹಿರಿಯರ ಹೆಸರಿನಲ್ಲಿ ಹಿಡಿಯುತ್ತಿದ್ದರು. ಮಾಸ್ತರರು ಅದನ್ನು ನೋಡಿಕೊಂಡು ನಿಂತವರು ಒಮ್ಮೆಲೇ ಹೊರಟು ಗೌಡರ ಮನೆಗೆ ಹೋದರು. ಅಲ್ಲಿಂದ ಊರಿನ ಯುನಾನಿ ವೈದ್ಯರಾದ ಹಕೀಮ ಸಾಹೇಬರ ದವಾಖಾನೆಗೆ.

ಮುಂದಿನ ಶುಕ್ರವಾರ, ಕಚೇರಿಗೂ ಶಾಲೆಗೂ ರಜೆಯ ದಿನ, ಮೈದಾನದ ಎರಡು ಬದಿಗೆ ಎರಡು ಕುರ್ಚಿ ಬಂದವು. ಒಂದರಲ್ಲಿ ಗೌಡರು, ಇನ್ನೊಂದರಲ್ಲಿ ಹಕೀಮರು. ಮಾಸ್ತರರು ನಿಯಮ ಹೇಳಿದರು. ಮಹಬೂಬ ಗೌಡರ ಹೆಸರಿನಲ್ಲಿ ಆಡಬೇಕು, ನಾನು ಹಕೀಮರ ಹೆಸರಿನಲ್ಲಿ. ಲೆಕ್ಕ ಕೂಗುವಾಗ ನಮ್ಮ ಹೆಸರು ಬರುವುದಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಡುವವನೇ ಹೇಳಬೇಕು, ಅದೇ ಕೊನೆಯ ಮಾತು. ಸೋತವನು ತನ್ನ ಹಿರಿಯರ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಬಜಾರಿನ ದಾರಿಯಿಂದಲೇ ಅವರ ಮನೆ ಮುಟ್ಟಿಸಬೇಕು. ಹಿರಿಯರು ಮುಂದೆ, ಕುರ್ಚಿ ಹಿಂದೆ.

ಮಹಬೂಬ ಮೊದಲ ಚೆಂಡು ಹೊಡೆದ. ನನ್ನ ರ‍್ಯಾಕೆಟ್ಟಿಗೆ ಅದು ಸಿಗಲಿಲ್ಲ.

"ಗೌಡರಿಗೆ ಹದಿನೈದು, ಹಕೀಮರಿಗೆ ಸೊನ್ನೆ" ಎಂದು ಮಾಸ್ತರರು ಕೂಗಿದರು.

ಹಕೀಮರು ಕುರ್ಚಿಯಲ್ಲಿ ನೆಟ್ಟಗಾದರು. "ಮಾಸ್ತರ್ ಸಾಬ್, ನಮಗ ಸಿಫರ್ ಯಾಕ? ನಾವೇನ್ ಮಾಡೀವಿ?"

"ನೀವಲ್ರಿ, ನಿಮ್ಮ ಗುಮಾಸ್ತ."

"ಒಂದ್ ಏಟಿಗಿ ಹದಿನೈದು ಅಂದ್ರ ಛಲೋ ಆಟ ಅದ" ಎಂದರು ಗೌಡರು. ಆದರೆ ಮೂವತ್ತಾದ ಮೇಲೆ ನಲವತ್ತೆಂದು ಕೂಗಿದಾಗ ಅವರ ಮೀಸೆ ಅಲುಗಿತು. "ಹದಿನೈದು, ಮೂವತ್ತು ಆದ ಮ್ಯಾಲ ನಲವತ್ತೈದಾಗಬೇಕಲ. ಐದು ಯಾರು ತಿಂದ್ರು?"

"ಆಟದ ಕಾಯ್ದೆ ಹಂಗೇ ಅದರಿ, ಗೌಡ್ರ."

"ಕಾಯ್ದೆ ಅಂದ್ರ ಆಯ್ತು. ತಿಂದವರು ಮ್ಯಾಲಿನವರೇ ಇರಬೇಕು."

ಮಹಬೂಬನನ್ನು ಗೌಡರಿಗೆ, ನನ್ನನ್ನು ಹಕೀಮರಿಗೆ ಎಂದು ಮಾಸ್ತರರು ಹೆಸರುಗಳನ್ನು ಅಡ್ಡಡ್ಡ ಹಾಕಿದ್ದರಲ್ಲಿ ಲೆಕ್ಕಾಚಾರವಿತ್ತು. ಮಹಬೂಬ ತನ್ನದನ್ನು ಬಿಟ್ಟುಕೊಡಬಲ್ಲ. ತನ್ನ ಮೇಲೆ ಭರವಸೆಯಿಟ್ಟು ಕುಳಿತ ಗೌಡರದ್ದನ್ನು ಬಿಟ್ಟುಕೊಡಲು ಅವನಿಗೆ ಹಕ್ಕಿಲ್ಲ. ನನಗೂ ಹಾಗೆಯೇ. ಮರ್ಯಾದೆ ನಮ್ಮಿಂದ ಹೋಗಲಿಲ್ಲ. ಅದು ನಿಂತ ಜಾಗ ಬದಲಾಯಿತು. ಬಲೆಯ ಆಚೆ ಇದ್ದದ್ದು ನಮ್ಮ ಬೆನ್ನ ಹಿಂದೆ ಬಂದು ಕುಳಿತಿತು. ಅಂದು ಸಂಜೆ ಹಕೀಮರ ಕುರ್ಚಿ ನನ್ನ ತಲೆಯ ಮೇಲೆ ಬಜಾರು ದಾಟಿತು. ಅದರ ಮುಂದಿನ ಶುಕ್ರವಾರವೂ ದಾಟಿತು. ಅಂಗಡಿಯವರು ನನ್ನನ್ನು ಕಂಡು ಹೊತ್ತು ಎಷ್ಟಾಯಿತೆಂದು ತಿಳಿಯುವಂತಾಯಿತು.

"ಏನ್ರಿ ಗುಮಾಸ್ತರ, ದೀಪ ಹಚ್ಚಮೇನು? ಕುರ್ಚಿ ಬಂತು."

ಹಕೀಮರು ಮುಂದೆ ನಡೆಯುತ್ತ ಯಾರ ಕಡೆಗೂ ನೋಡುತ್ತಿರಲಿಲ್ಲ. ಮನೆ ಬಾಗಿಲಿನಲ್ಲಿ ನನಗೆ ಒಂದು ಡಬ್ಬಿ ಖಮೀರಾ ಲೇಹ್ಯ ಕೊಟ್ಟು, "ದಿನಾ ಒಂದ್ ಚಮಚಾ ತಿನ್ರಿ. ಮೊಣಕಾಲಿಗಿ ತಾಕತ್ ಬರ್ತದ" ಎಂದರು. ಅತ್ತ ಗೌಡರು ಮಹಬೂಬನಿಗೆ ಎಮ್ಮೆಯ ಹಾಲು ಕಳಿಸತೊಡಗಿದರು. ಮಾಸ್ತರರು ಇನ್ನೊಂದು ನಿಯಮ ತಂದರು: ಹಿಂದಿನ ವಾರ ಸೋತ ಹಿರಿಯರಿಗೆ ಪ್ರತಿ ಗೇಮಿನಲ್ಲೂ ಹದಿನೈದು ಮುಂಗಡ. ಅದು ಭಿಕ್ಷೆ ಹಾಕಿದಂತೆ ಕಂಡು ಹಕೀಮರಿಗೆ ಸಿಟ್ಟು ನೆತ್ತಿಗೇರಿತು. "ನಮಗ ಖೈರಾತ್ ಬ್ಯಾಡ" ಎಂದು ನನ್ನ ಕಡೆ ತಿರುಗಿ, "ಕೇಳಿದ್ರಿಲ್ಲ? ಖೈರಾತ್ ಕೊಡ್ಲಾಕತ್ತಾರ" ಎಂದರು. ಆ ದಿನ ನಾನು ಓಡಿದ ಹಾಗೆ ಮತ್ತೆ ಎಂದೂ ಓಡಿಲ್ಲ. ಗೌಡರ ಸಾಗವಾನಿ ಕುರ್ಚಿ ಮೊದಲ ಸಲ ಬಜಾರು ದಾಟಿತು. ಅದರ ಅಡಿಯಲ್ಲಿ ಮಹಬೂಬನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ನಾನು ದಾರಿಯುದ್ದಕ್ಕೂ ಜೊತೆಗಿದ್ದು ನೋಡಿದೆ, ಸಹಾಯ ಮಾಡಲಿಲ್ಲ.

ಆಮೇಲಿನ ಶುಕ್ರವಾರಗಳಲ್ಲಿ ಮಹಬೂಬನ ಕಾಲು ಜಾರುವುದು ನಿಂತಿತು. ಸೂರ್ಯ ಅವನ ಕಣ್ಣಿಗೆ ಬರುವುದನ್ನು ಬಿಟ್ಟ.

ಉರ್ಸ್ ಮುಗಿಯಿತು. ಸಾಹೇಬರು ಹೇಳಿದಂತೆ ಬಂದರು. ಊರಿನ ಅರ್ಧ ಜನ ಮೈದಾನದ ಸುತ್ತ ಕುಳಿತರು. ಕುದುರೆಗಳನ್ನು ಶಾಲೆಯ ಗೋಡೆಗೆ ಕಟ್ಟಿದ್ದರು; ಮಾಸ್ತರರು ಆ ಕಡೆ ನೋಡುತ್ತಿರಲಿಲ್ಲ. ಲೆಕ್ಕ ಕೂಗುವವರು ಅವರು, ಚೆಂಡು ಹೆಕ್ಕುವವನು ನಾನು.

ಆಟ ಸುರುವಾಯಿತು, ಹಳೆಯ ಜಡ್ಡೂ ಮರಳಿತು. "ಸಾಹೇಬರಿಗೆ ಹದಿನೈದು" ಎಂದು ಮಾಸ್ತರರು ಕೂಗಿದೊಡನೆ ಮಹಬೂಬನ ಬೆನ್ನು ಬಾಗಿತು. ಹೊಡೆಯಬಹುದಾದ ಚೆಂಡನ್ನು ನೋಡುತ್ತ ನಿಂತ. ಒಂದು ಗೇಮು ಹೋಯಿತು, ಎರಡು ಹೋದವು, ಮೂರು ಹೋದವು. ನಾನು ಚೆಂಡು ಕೊಡಲು ಹೋದೆ. "ಕೈ ಏಳವಲ್ದು, ಭಾಯಿ" ಎಂದ.

ಆಗ ಗೌಡರು ತಮ್ಮ ಕುರ್ಚಿಯಿಂದ ಎದ್ದರು. ಅದನ್ನು ತಾವೇ ಎತ್ತಿಕೊಂಡು ಹೋಗಿ ಮಹಬೂಬನ ಬೆನ್ನ ಹಿಂದೆ ಇಟ್ಟು ಕುಳಿತರು. ಹಕೀಮರೂ ತಮ್ಮದನ್ನು ಒಯ್ದು ಪಕ್ಕದಲ್ಲಿ ಹಾಕಿಕೊಂಡರು. "ಮಾಸ್ತರ, ಇಷ್ಟು ದಿನ ನನ್ನ ಹೆಸರು ಕೂಗ್ತಿದ್ರಿ. ಇವತ್ತ ಎಲ್ಲಿ ಹೋತು ಅದು?" ಎಂದು ಗೌಡರು ಕೇಳಿದರು.

ಸಾಹೇಬರಿಗೆ ಅರ್ಥವಾಗಲಿಲ್ಲ. ಹಕೀಮರು ಎದ್ದು, ಸಲಾಮು ಮಾಡಿ, ಹೆಸರಿನ ಆಟವನ್ನೂ ಕುರ್ಚಿ ಹೊರುವುದನ್ನೂ ಉರ್ದುವಿನಲ್ಲಿ ವಿವರಿಸಿದರು. ಸಾಹೇಬರು ಪೂರ್ತಿ ಕೇಳಿದರು.

"ಹಾಗಿದ್ದರೆ ನನಗೂ ಒಂದು ಕುರ್ಚಿ ಬೇಕು" ಎಂದರು. ಶಾಲೆಯಿಂದ ಒಂದನ್ನು ತಂದು ಅವರ ಹಿಂದೆ ಇಟ್ಟೆವು. ಅದರಲ್ಲಿ ಯಾರೂ ಕೂಡಲಿಲ್ಲ. "ಅದು ನನ್ನ ತಾಯಿಯದು. ಹೈದರಾಬಾದಿನಲ್ಲಿದ್ದಾರೆ. ಪಂದ್ಯದಿಂದ ಮನೆಗೆ ಹೋದ ಕೂಡಲೇ ಏನಾಯಿತೆಂದು ಕೇಳುತ್ತಾರೆ."

ಮಹಬೂಬನ ಮುಖ ನೋಡುವಂತಿರಲಿಲ್ಲ. ಒಬ್ಬರ ತಾಯಿಯ ವಿರುದ್ಧ ಹೊಡೆಯುವುದು ಹೇಗೆ? ಅವನು ಖಾಲಿ ಕುರ್ಚಿಗೆ ತಲೆ ಬಾಗಿಸಿದ. ಸಾಹೇಬರು ಬಲೆಯ ಹತ್ತಿರ ಬಂದು ಅವನಿಗಷ್ಟೇ ಕೇಳಲೆಂಬಂತೆ ಮೆಲ್ಲಗೆ ಹೇಳಿದರು, ನಾನು ಹತ್ತಿರವಿದ್ದೆ. "ನಾನು ತಾಯಿಗೆ ಸುಳ್ಳು ಹೇಳುವುದಿಲ್ಲ. ನೀನು ಒಂದು ಚೆಂಡನ್ನು ಬೇಕೆಂದೇ ಬಿಟ್ಟರೂ ನನ್ನ ಬಾಯಿಂದ ಸುಳ್ಳು ಹೇಳಿಸಿದಂತೆ."

ಮಹಬೂಬ ಹಿಂದೆ ಸರಿದು ತನ್ನ ಜಾಗದಲ್ಲಿ ನಿಂತ. ಮಾಸ್ತರರು ಲೆಕ್ಕ ತಿದ್ದಿ ಕೂಗಿದರು: "ಅಮ್ಮೀಜಾನರಿಗೆ ಮೂರು, ಗೌಡರಿಗೆ ಸೊನ್ನೆ."

ಮುಂದಿನ ಚೆಂಡು ಸಾಹೇಬರ ಎಡಮೂಲೆಯಲ್ಲಿ ಸುಣ್ಣ ಹಾರಿಸಿತು. ಅದರ ಮುಂದಿನದು ಬಲಮೂಲೆಯಲ್ಲಿ. ಸಾಹೇಬರು ತಿರುಗಿ ಆ ಗುರುತು ನೋಡಿದರು. ಮೊದಲ ಸಲ ಅವರು ಕೋಟು ತೆಗೆದು ಚಪರಾಸಿಯ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ನಡೆದದ್ದು ಕಮಲಾಪುರದಲ್ಲಿ ಅದುವರೆಗೆ ಯಾರೂ ನೋಡಿರದ ಆಟ. ಸಾಹೇಬರು ಏನೂ ಬಿಟ್ಟುಕೊಡಲಿಲ್ಲ. ಮಹಬೂಬ ಏನೂ ಬಿಡಲಿಲ್ಲ. ಮೂರು–ಮೂರು ಆಯಿತು. ಐದು–ಐದು ಆಯಿತು. ಗೌಡರು ತಿಂದುಹೋದ ಐದನ್ನು ಮರೆತು ಪ್ರತಿ ಏಟಿಗೆ ಮೊಣಕಾಲು ಗುದ್ದುತ್ತಿದ್ದರು. ಆರು–ಐದು, ಮುಂದೆ ಇದ್ದದ್ದು ಗೌಡರ ಹೆಸರು. ಆ ಗೇಮಿನಲ್ಲಿ ನಲವತ್ತು–ಮೂವತ್ತು.

ಸಾಹೇಬರು ಓಡಿಬಂದು ಉದ್ದಕ್ಕೆ ಹೊಡೆದರು. ಚೆಂಡು ಮಹಬೂಬನ ತಲೆಯ ಮೇಲಿನಿಂದ ಹೋಗಿ ಹಿಂದಿನ ಗೆರೆಯ ಹತ್ತಿರ ಬಿತ್ತು. ನಾಲ್ಕು ಬೆರಳು ಆಚೆ. ನಾನು ನೋಡಿದೆ, ಗೌಡರು ನೋಡಿದರು. ಆದರೆ ಹೇಳಬೇಕಾದವನು ಮಹಬೂಬ. ಅಂಥ ಚೆಂಡನ್ನು ಜೀವಮಾನವಿಡೀ "ಒಳಗ ಬಿತ್ತರಿ" ಎಂದವನು ಅವನು. ಇಡೀ ಜಿಲ್ಲೆಯನ್ನು ಆಳುವವರ ಮುಖ ನೋಡಿ ನಿಮ್ಮದು ತಪ್ಪಿತು ಎನ್ನಬೇಕು.

ಮಾಸ್ತರರು ಕೂಗಲಿಲ್ಲ. "ಹೇಳ್ರಿ, ಮಿಯಾ" ಎಂದರು.

ಮಹಬೂಬ ಗುರುತಿನ ಹತ್ತಿರ ಹೋಗಿ ನಿಂತ. ತಲೆ ಎತ್ತಿದ.

"ಹೊರಗ ಬಿತ್ತರಿ, ಸರಕಾರ್."

ಸಾಹೇಬರು ಬಲೆ ಸುತ್ತಿಕೊಂಡು ಈ ಕಡೆ ಬಂದರು. ಬಗ್ಗಿ ನೋಡಿದರು. ಎದ್ದು ನಿಂತು, "ಬಾಹರ್. ಬಿಲ್ಕುಲ್ ಬಾಹರ್" ಎಂದು ಕೈ ಚಾಚಿದರು. ಮಾಸ್ತರರ ದನಿ ಆಗ ಬಂತು: "ಗೌಡರಿಗೆ ಏಳು, ಅಮ್ಮೀಜಾನರಿಗೆ ಐದು. ಸೆಟ್ಟು ಗೌಡರದು." ಮುಂದಿನ ಗದ್ದಲದಲ್ಲಿ ಯಾರು ಏನಂದರೆಂದು ನಾನು ಬರೆದರೆ ಅದು ಊಹೆಯಾಗುತ್ತದೆ. ಹಕೀಮರು ಗೌಡರನ್ನು ತಬ್ಬಿಕೊಂಡದ್ದನ್ನು ನೋಡಿದ್ದೇನೆ. ಮಾಸ್ತರರು ನೆಲದ ಮೇಲೆ ಕುಳಿತು ಅಂಗೈಯಿಂದ ಮುರುಮು ಸವರುತ್ತಿದ್ದುದನ್ನೂ ನೋಡಿದ್ದೇನೆ.

ಗದ್ದಲ ನಿಂತಿದ್ದು ಸಾಹೇಬರು ಖಾಲಿ ಕುರ್ಚಿಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಾಗ. ಚಪರಾಸಿ ಓಡಿಬಂದ. "ಸರಕಾರ್, ಇತ್ಲಾಗ ಕೊಡ್ರಿ."

"ಸೋತವನು ನಾನು, ನೀನಲ್ಲ" ಎಂದರು ಸಾಹೇಬರು. ಬಜಾರಿನ ದಾರಿಯಿಂದಲೇ ನಡೆದು ಡಾಕ್ ಬಂಗಲೆ ಮುಟ್ಟಿದರು. ಅಂಗಡಿಯವರು ಎದ್ದು ನಿಂತಿದ್ದರು. ದೀಪದ ಮಾತು ಯಾರೂ ಎತ್ತಲಿಲ್ಲ. ಕುದುರೆಗಳಿಗೆ ಬಂಗಲೆಯ ಹಿಂದಿನ ಬೇವಿನ ಮರಗಳ ಕೆಳಗೆ ಜಾಗವಾಯಿತು.

ಆ ವರ್ಷ ಹೈದರಾಬಾದಿನ ಪಂದ್ಯದಲ್ಲಿ ಸಾಹೇಬರು ಎರಡು ಸುತ್ತು ದಾಟಿದರೆಂದು ಕಲಬುರಗಿಯಿಂದ ಸುದ್ದಿ ಬಂತು. ಹೋಗುವ ಮೊದಲು ಅವರು ಮತ್ತೆ ಮತ್ತೆ ಕಮಲಾಪುರಕ್ಕೆ ದೌರೆ ಹಾಕಿಕೊಂಡದ್ದಕ್ಕೆ ನಾನೇ ಸಾಕ್ಷಿ. ಆಮೇಲೆ ಅವರಿಗೆ ವರ್ಗವಾಯಿತು, ನನಗೆ ಪತ್ರಿಕೆ ಸಿಕ್ಕಿತು. ಗೌಡರೂ ಹಕೀಮರೂ ಈಗಿಲ್ಲ.

ಚೆಂಡಿನ ಪೆಟ್ಟಿಗೆಯನ್ನು ಬಸ್ಸಿನವರ ಕೈಗೆ ಕೊಟ್ಟು ಕಳಿಸಬಹುದಿತ್ತು. ಕಳಿಸಲಿಲ್ಲ. ಮೊನ್ನೆ ಶುಕ್ರವಾರ ನಾನೇ ಒಯ್ದೆ. ಕಮಲಾಪುರದಲ್ಲಿ ಈಗ ಪಕ್ಕಪಕ್ಕ ಎರಡು ಮೈದಾನಗಳಿವೆ. ಮಹಬೂಬ ಶಾಲೆಯ ಹೆಡ್ ಮಾಸ್ತರ. ಗಡ್ಡ ಬೆಳ್ಳಗಾಗಿದೆ, ಲೆಕ್ಕ ಕೂಗುವವನು ಅವನೇ. ಸಿದ್ಧರಾಮಪ್ಪ ಮಾಸ್ತರರು ಕೆಲಸದಿಂದ ನಿವೃತ್ತರಾಗಿದ್ದಾರೆ, ಮೈದಾನದಿಂದ ಆಗಿಲ್ಲ. ಅವರು ಒಂದು ಕುರ್ಚಿಯಲ್ಲಿದ್ದರು. ಎದುರಿನದು ಖಾಲಿ ಇತ್ತು.

"ಕೂಡ್ರಿ" ಎಂದರು ನನಗೆ. "ಪೇಪರಿನವರಂತ ದೂರ ನಿಂತು ನೋಡಬ್ಯಾಡ್ರಿ."

ಗೌಡರ ಮೊಮ್ಮಗ ನನ್ನ ಹೆಸರಿನಲ್ಲಿ ಆಡಲು ನಿಂತ. ಮಹಬೂಬನ ಮಗ ಮಾಸ್ತರರ ಹೆಸರಿನಲ್ಲಿ. ಸುದ್ದಿಯನ್ನು ದೂರದಿಂದ ನೋಡಿ ಬರೆಯುವ ಅಭ್ಯಾಸ ನನಗೆ ಇಷ್ಟು ವರ್ಷಗಳದ್ದು. ಮೊದಲ ಗೇಮು ಮುಗಿಯುವಷ್ಟರಲ್ಲಿ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಒಂದು ಚೆಂಡಿನ ಬಗ್ಗೆ ಹೆಡ್ ಮಾಸ್ತರರ ಜೊತೆ ವಾದಕ್ಕೂ ಇಳಿದೆನಂತೆ.

ಮೊದಲ ಸೆಟ್ಟು ಮಾಸ್ತರರ ಹೆಸರಿಗೆ ಹೋಯಿತು, ಆರು–ನಾಲ್ಕು. ಎರಡನೆಯದು ನನ್ನ ಹೆಸರಿಗೆ ಬಂತು, ಏಳು–ಐದು. ಬೆಳಕು ಹೋದದ್ದರಿಂದ ಮೂರನೆಯದನ್ನು ಬರುವ ಶುಕ್ರವಾರಕ್ಕೆ ಇಟ್ಟಿದ್ದಾರೆ. ಕಮಲಾಪುರದ ಬಸ್ಸು ಮಧ್ಯಾಹ್ನ ಎರಡಕ್ಕೆ ಹೊರಡುತ್ತದೆ. ಚೀಟಿ ತೆಗೆಸಿದ್ದೇನೆ.